ಕೊಲಂಬೊದ ಆನಂದ ಕಾಲೇಜು

ಹತ್ತೊಂಬತ್ತನೆಯ ಶತಮಾನದ ಸಿಲೋನಿನಲ್ಲಿ ಬೌದ್ಧ ತಂದೆತಾಯಿಗಳದು ಒಂದು ವಿಚಿತ್ರ ಇಕ್ಕಟ್ಟು. ಸರ್ಕಾರಿ ನೌಕರಿಗೆ ಇಂಗ್ಲಿಷ್ ಬೇಕು. ಇಂಗ್ಲಿಷ್ ಕಲಿಸುವ ಶಾಲೆಗಳು ಬಹುಮಟ್ಟಿಗೆ ಮಿಷನರಿಗಳ ಕೈಯಲ್ಲಿ. ಮಗ ವಿದ್ಯಾವಂತನಾಗಿ ಮನೆಗೆ ಮರಳುವಾಗ ಮನೆಯ ಧರ್ಮವನ್ನು ಹೊರಗೇ ಬಿಟ್ಟು ಬಂದಾನೆಂಬ ಭಯ ಅವರನ್ನು ಕಾಡುತ್ತಿತ್ತು.

1873ರಲ್ಲಿ ಪಾಣದುರೆಯಲ್ಲಿ ಮಿಗೆಟ್ಟುವತ್ತೆ ಗುಣಾನಂದ ಥೇರರು ಪಾದ್ರಿಗಳೊಡನೆ ನಡೆಸಿದ ಬಹಿರಂಗ ವಾದ ಬೌದ್ಧರಲ್ಲಿ ಹೊಸ ಧೈರ್ಯ ತುಂಬಿತು. ಅದರ ವರದಿಯನ್ನು ಓದಿ ಆಕರ್ಷಿತರಾದವರು ಅಮೆರಿಕದ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್. 1880ರ ಮೇ ತಿಂಗಳಲ್ಲಿ ಗಾಲೆಗೆ ಬಂದಿಳಿದ ಅವರು ಅಲ್ಲಿಯೇ ಪಂಚಶೀಲವನ್ನು ಸ್ವೀಕರಿಸಿದರು. ವಾದದಲ್ಲಿ ಗೆದ್ದರಷ್ಟೇ ಸಾಲದು, ಶಾಲೆಗಳು ಬೇಕೆಂಬುದನ್ನು ಅವರು ಬೇಗನೆ ಮನಗಂಡರು. ಅವರ ನೇತೃತ್ವದ ಬೌದ್ಧ ಥಿಯಾಸಫಿಕಲ್ ಸೊಸೈಟಿ 1886ರ ನವೆಂಬರ್ 1ರಂದು ಕೊಲಂಬೊದ ಪೆಟ್ಟಾ ಪೇಟೆಯಲ್ಲಿ ಇಂಗ್ಲಿಷ್ ಬೌದ್ಧ ಶಾಲೆಯನ್ನು ತೆರೆಯಿತು. ಮೊದಲಿಗೆ ಇದ್ದವರು 37 ಬಾಲಕರು. ಮೊದಲ ಪ್ರಾಂಶುಪಾಲರು ಸಿ. ಡಬ್ಲ್ಯು. ಲೆಡ್‌ಬೀಟರ್. 1895ರಲ್ಲಿ ಶಾಲೆ ಮರದಾನಕ್ಕೆ ಸ್ಥಳಾಂತರಗೊಂಡು ಆನಂದ ಕಾಲೇಜು ಎನಿಸಿತು. ಬುದ್ಧನ ನಿತ್ಯಪರಿಚಾರಕನೂ ಅಪಾರ ಸ್ಮರಣಶಕ್ತಿಯುಳ್ಳವನೂ ಆದ ಶಿಷ್ಯನ ಹೆಸರು ಶಾಲೆಗೆ ಚೆನ್ನಾಗಿಯೇ ಒಪ್ಪುತ್ತದೆ!

ಹಾದಿ ಸುಗಮವಾಗಿರಲಿಲ್ಲ. ಈಗಾಗಲೇ ಇರುವ ಶಾಲೆಯಿಂದ ಕಾಲು ಮೈಲಿಯೊಳಗೆ ಆರಂಭವಾದ ಹೊಸ ಶಾಲೆಗೆ ಅನುದಾನವಿಲ್ಲವೆಂಬ ಸರ್ಕಾರಿ ನಿಯಮ, ಮೊದಲೇ ಜಾಗ ಹಿಡಿದಿದ್ದ ಮಿಷನ್ ಶಾಲೆಗಳಿಗೆ ವರವಾಯಿತು. ಅದರ ವಿರುದ್ಧ ಹೋರಾಡಿದವರು ಪ್ರಾಂಶುಪಾಲ ಎ. ಇ. ಬುಲ್ಟ್‌ಜೆನ್ಸ್. ಇವರು ಡಚ್ ಮೂಲದ ಬರ್ಗರ್ ಸಮುದಾಯದವರು, ಕೇಂಬ್ರಿಜ್‌ನಲ್ಲಿ ಓದಿದವರು, ಕ್ರೈಸ್ತ ಮತದಿಂದ ಬೌದ್ಧ ಧರ್ಮಕ್ಕೆ ಬಂದವರು. ಲೆಡ್‌ಬೀಟರ್ ಅವರಂತೂ ಹಿಂದೆ ಆಂಗ್ಲಿಕನ್ ಪಾದ್ರಿಯಾಗಿದ್ದವರು. ಬೌದ್ಧ ಶಾಲೆಯ ಬುನಾದಿಯಲ್ಲಿ ಇಷ್ಟೊಂದು ಹೊರಗಿನವರ ದುಡಿಮೆ ಇರುವುದು ನನಗೆ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರ ಸಂಗತಿಯೆನಿಸುತ್ತದೆ.

1918ರಲ್ಲಿ ಪಿ. ಡಿ ಎಸ್. ಕುಲರತ್ನ ಅಧಿಕಾರ ವಹಿಸಿಕೊಂಡ ಮೇಲೆ ಶಾಲೆಗೆ ಸ್ವದೇಶಿ ಮುಖ ಬಂತು. ಕೋಟು ಟೈಗಳ ಬದಲು ರಾಷ್ಟ್ರೀಯ ಉಡುಪನ್ನು ಅವರು ತಾವೇ ತೊಟ್ಟು ಪ್ರಚಾರ ಮಾಡಿದರು. ಮಕ್ಕಳ ಸಂಖ್ಯೆ ಹೆಚ್ಚಿದಾಗ 1925ರಲ್ಲಿ ನಾಲಂದಾ ಕಾಲೇಜು ಹುಟ್ಟಿತು. ಒಡಹುಟ್ಟಿದ ಈ ಎರಡು ಶಾಲೆಗಳ ವಾರ್ಷಿಕ ಕ್ರಿಕೆಟ್ ಪಂದ್ಯಕ್ಕೆ, ಇಬ್ಬರದೂ ಮರೂನ್ ಬಣ್ಣವಾದ್ದರಿಂದ, ‘ಮರೂನ್‌ಗಳ ಕದನ’ವೆಂದೇ ಹೆಸರು. 1996ರ ವಿಶ್ವಕಪ್ ಗೆದ್ದ ತಂಡದ ನಾಯಕ ಅರ್ಜುನ ರಣತುಂಗ ಆನಂದದವರು. ಮಹಾನಾಮ, ಗುರುಸಿಂಹ, ಧರ್ಮಸೇನ ನಾಲಂದಾದವರು.

ಕ್ರಿಕೆಟ್ಟೂ ಪ್ರಾಂಶುಪಾಲರ ಪದವಿಯೂ ಮಿಷನ್ ಶಾಲೆಗಳ ಮಾದರಿಯವೇ ಅಲ್ಲವೇ ಎಂದು ಕೇಳಬಹುದು. ನಿಜ. ಎದುರಾಳಿಯ ಪಾತ್ರೆಯಲ್ಲಿ ತಮ್ಮ ಅನ್ನ ಬೇಯಿಸಿಕೊಂಡರು. ಭಾನುವಾರದ ಧರ್ಮಶಾಲೆಗಳ ಕಥೆಯೂ ಅದೇ. ನಮ್ಮ ವಾರಾಂತ್ಯದ ಕನ್ನಡ ತರಗತಿಗಳೂ ಅದೇ ಜಾಯಮಾನದವು. 1960ರ ದಶಕದ ಆರಂಭದಲ್ಲಿ ಅನುದಾನಿತ ಶಾಲೆಗಳನ್ನು ಸರ್ಕಾರ ವಹಿಸಿಕೊಂಡಾಗ ಆನಂದವೂ ಅದರ ವಶವಾಯಿತು. ಯಾವ ಸರ್ಕಾರದ ಅನುದಾನಕ್ಕಾಗಿ ಬುಲ್ಟ್‌ಜೆನ್ಸ್ ಕಾದಾಡಿದ್ದರೋ, ಅದರ ಉತ್ತರಾಧಿಕಾರಿಯೇ ಕೊನೆಗೆ ಶಾಲೆಯ ಒಡೆಯನಾಯಿತು.