ಸಿದ್ದಿ ಜನಾಂಗದ ಮೂಲ ಮತ್ತು ವಲಸೆ: ಕೆಲವು ವಿಚಾರಗಳು

ಧಾರವಾಡದ ಪಶ್ಚಿಮಕ್ಕೆ, ಕೆಲಗೇರಿಯ ಆಚೆಗೆ, ಎರೆಭೂಮಿ ಕ್ರಮೇಣ ಮುಗಿದು ಮಲೆನಾಡಿನ ಸೆರಗು ತೊಡಗುತ್ತದೆ. ಆ ಸೆರಗಿನ ಕಲಘಟಗಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಆಫ್ರಿಕ ಮೂಲದ ಸಿದ್ದಿ ಜನಾಂಗವು ತಲೆಮಾರುಗಳಿಂದ ನೆಲೆಸಿದೆ. ಇವರ ಮೂಲವನ್ನು ಕುರಿತ ಬರೆಹಗಳಲ್ಲಿ ಬಿಜಾಪುರದ ಹಬಶಿ ಸರದಾರರನ್ನೂ ಕಾಡಿನ ಸಿದ್ದಿಗಳನ್ನೂ ಒಂದೇ ಎಳೆಯಲ್ಲಿ ಪೋಣಿಸುವುದು ವಾಡಿಕೆಯಾಗಿದೆ. ಈ ವಾಡಿಕೆಯು ಮರುಪರಿಶೀಲನೆಗೆ ಅರ್ಹವಾದುದು.

ಹಬಶಿಗಳೆಂದರೆ ಅಬಿಸೀನಿಯದಿಂದ ಬಂದವರು. ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲಶಾಹನ ಪರವಾಗಿ 1582ರಿಂದ 1590ರವರೆಗೆ ರಾಜ್ಯಭಾರ ನಡೆಸಿದ ದಿಲಾವರಖಾನನು ಹಬಶಿ. 1686ರಲ್ಲಿ ಬಿಜಾಪುರವು ಮೊಗಲರ ವಶವಾಗುವುದಕ್ಕೆ ಮುನ್ನ ರಾಜಪ್ರತಿನಿಧಿಯಾಗಿದ್ದ ಸಿದ್ದಿ ಮಸೂದನೂ ಅಷ್ಟೆ. ಇವರು ಕುದುರೆ ಮತ್ತು ಕತ್ತಿಯ ಬಲದಿಂದ ದರ್ಬಾರದಲ್ಲಿ ಮೇಲೇರಿದವರು.

ಕಾಡಿನ ಸಿದ್ದಿಗಳಲ್ಲಿ ಬಹುಸಂಖ್ಯಾತರ ಕುರುಹುಗಳು ಬೇರೆ ದಿಕ್ಕನ್ನು ತೋರುತ್ತವೆ. ಹಿಂದೂ ಮತ್ತು ಕ್ರೈಸ್ತ ಸಿದ್ದಿಗಳ ಮನೆಮಾತು ಕೊಂಕಣಿಯ ಒಂದು ರೂಪ. ಹಳಿಯಾಳದ ಕ್ರೈಸ್ತ ಸಿದ್ದಿಗಳಲ್ಲಿ ಪೋರ್ತುಗೀಜ ಹೆಸರುಗಳು ಉಳಿದಿವೆ. ಪೋರ್ತುಗೀಜರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರನ್ನು ತರುತ್ತಿದ್ದುದು ಇತಿಹಾಸಸಿದ್ಧ. ಅಲ್ಲಿಂದ ತಪ್ಪಿಸಿಕೊಂಡವರಿಗೆ ಘಟ್ಟದ ಮೇಲಿನ ದಟ್ಟ ಕಾಡು ಆಶ್ರಯ ನೀಡಿತು. 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳಲ್ಲಿ ಬಂಟು ಮೂಲದ ಆಫ್ರಿಕನ್ನರ ಅಂಶವನ್ನು ಗುರುತಿಸಿ, ಸ್ಥಳೀಯರೊಡನೆ ಮಿಶ್ರಣವು ಸುಮಾರು 200 ವರ್ಷಗಳಿಂದ ಈಚಿನದೆಂದು ಅಂದಾಜಿಸಿತು. ಅಬಿಸೀನಿಯದ ಸರದಾರರ ಕಾಲಕ್ಕೂ ನಾಡಿಗೂ ಇದು ಸುಲಭವಾಗಿ ಹೊಂದುವುದಿಲ್ಲ. ದಖನಿ ಉರ್ದು ಆಡುವ ಮುಸ್ಲಿಂ ಸಿದ್ದಿಗಳ ಪೂರ್ವಿಕರಲ್ಲಿ ಕೆಲವರು ಸುಲ್ತಾನರ ಸೇನೆಯ ಮಾರ್ಗವಾಗಿ ಬಂದಿರುವ ಸಾಧ್ಯತೆಯನ್ನು ಮಾತ್ರ ತಳ್ಳಿಹಾಕಲಾಗದು.

ಸರದಾರರ ವಂಶಜರೆಂಬ ಹೇಳಿಕೆಯಲ್ಲಿ ಗೌರವದ ಹಂಬಲವಿದೆ, ಅದು ಸಹಜವೇ. ಆದರೆ ಗುಲಾಮಗಿರಿಯಿಂದ ಓಡಿಬಂದು ಕಾಡಿನಲ್ಲಿ ಊರು ಕಟ್ಟಿದವರ ಸಾಹಸ ಅದಕ್ಕಿಂತ ಕಿರಿದೆಂದು ಭಾವಿಸಲು ಈ ಲೇಖಕನಿಗೆ ಕಾರಣ ಕಾಣದು. ಮೂರು ಮತಗಳಲ್ಲಿ ಹಂಚಿಹೋದ ಈ ಜನರನ್ನು ಹಿರಿಯರ ಪೂಜೆ ಮತ್ತು ಡಮಾಮಿ ವಾದ್ಯದ ಕುಣಿತ ಇಂದಿಗೂ ಬೆಸೆಯುತ್ತವೆ. ಟಿ. ಸಿ. ಪಾಲಾಕ್ಷಪ್ಪ ಅವರು 1976ರಲ್ಲಿ ಪ್ರಕಟಿಸಿದ ಗ್ರಂಥವು ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತದ್ದು. ಜಿಲ್ಲೆಯ ಗಡಿಯೇ ಅಧ್ಯಯನದ ಗಡಿಯೂ ಆಯಿತು.

ಕಾನೂನಿನಲ್ಲಿಯೂ ಅದೇ ಗಡಿ ಮುಂದುವರಿಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಳಿಯಾಳದ ಸಿದ್ದಿಗೆ ದೊರೆತ ಮಾನ್ಯತೆ ನೆರೆಯ ಕಲಘಟಗಿಯ ಸಿದ್ದಿಗೆ ದೊರೆಯಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಪಟ್ಟಿಗೆ ಸೇರಿಸುವ ತಿದ್ದುಪಡಿ ಬಂದದ್ದು 2020ರಲ್ಲಿ.