ಹೋಮದ ಹೊಗೆ ಮತ್ತು ಅಬ್ಬಣಬ್ಬೆಯ ಹೆಸರು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯನ್ನು ಆದಿಕವಿ ಪಂಪನ ಊರೆಂದು ಕರೆಯುವುದು ರೂಢಿಯಾಗಿದೆ. ಈ ರೂಢಿಗೆ ಆಧಾರವಿರುವುದು ಪಂಪನ ಕಾವ್ಯಗಳಲ್ಲಲ್ಲ, ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಆ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರೂ ನುಡಿಗಳಲ್ಲಿದೆ. ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಯುವುದು ಅದರಿಂದಲೇ.

ಪಂಪ 'ವಿಕ್ರಮಾರ್ಜುನ ವಿಜಯ'ದ ಕೊನೆಯ ಆಶ್ವಾಸದಲ್ಲಿ ಹೇಳುವ ವಂಶಕಥೆ ಬೇರೆಯೇ ಜಾಡಿನದು. ಅದು ವೆಂಗಿನಾಡಿನ ಮಾಧವ ಸೋಮಯಾಜಿಯಿಂದ ಆರಂಭವಾಗುತ್ತದೆ. ಯಜ್ಞಗಳಿಂದ ಹೆಸರಾದ ಆ ಪೂರ್ವಿಕನ ಕೀರ್ತಿ ಹೋಮದ ಹೊಗೆಯಿಂದಲೇ ಕಪ್ಪಾಯಿತೆಂಬುದು ಕವಿಯ ತೀರ್ಪು. ಹಿರಿಯನನ್ನು ಹೊಗಳುತ್ತಲೇ ಹಿಂಸೆಯನ್ನು ಅವನ ಲೆಕ್ಕಕ್ಕೆ ಬರೆಯುವ ಈ ನಿಷ್ಠುರತೆ ಕನ್ನಡದ ವಂಶವರ್ಣನೆಗಳಲ್ಲಿ ವಿರಳ. ಅಭಿಮಾನಚಂದ್ರ, ಕುಮಾರಯ್ಯ ಇವರ ತರುವಾಯ ಬಂದ ಅಭಿರಾಮದೇವರಾಯ ಜಿನಧರ್ಮವನ್ನು ಸ್ವೀಕರಿಸಿದನು. ಶಾಸನದ ಭೀಮಪಯ್ಯನೂ ಅವನೇ. ಅವನು ಕುಲವನ್ನು ನಿರಾಕರಿಸಲಿಲ್ಲ. ಉತ್ತಮವೆನಿಸಿದ ವಿಪ್ರಕುಲಕ್ಕೆ ನಂಬಲು ತಕ್ಕುದು ಜಿನಧರ್ಮವೇ ಎಂಬುದು ಅವನ ವಾದ. ಜಿನವಲ್ಲಭನೂ ಜೈನನಾಗಿದ್ದುಕೊಂಡೇ ತನ್ನ ಗೋತ್ರಪ್ರವರಗಳನ್ನು ಬಂಡೆಯ ಮೇಲೆ ಉಳಿಸಿಕೊಂಡನು.

ತಾಯಿಯ ಕಡೆಯ ಪ್ರಭಾವದಿಂದ ತಂದೆ ಜೈನನಾದನೆಂಬ ಊಹೆಗೆ ಶಾಸನದಲ್ಲಿ ನೆಲೆಯಿಲ್ಲ. 'ಜೋಯಿಸ'ನೆಂಬುದು ವೃತ್ತಿಯನ್ನು ಹೇಳುವುದೇ ಹೊರತು ಮತವನ್ನಲ್ಲ.

ಹೋಮಕುಂಡವನ್ನು ಬಿಟ್ಟ ಮನೆ ಮಂತ್ರಗಳಿಲ್ಲದ ಲೋಕಕ್ಕೇನೂ ಬರಲಿಲ್ಲ. ಪಂಪನ 'ಆದಿಪುರಾಣ' ಮುಗಿದದ್ದು ಕ್ರಿ.ಶ. 941ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 939ರಲ್ಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ ಇಂದ್ರನಂದಿ 'ಜ್ವಾಲಿನೀಕಲ್ಪ'ವನ್ನು ರಚಿಸಿದ್ದನು. ಬ್ರಹ್ಮರಾಕ್ಷಸ ಹಿಡಿದಿದ್ದ ಶಿಷ್ಯೆ ಕಮಲಶ್ರೀಯನ್ನು ಬಿಡಿಸಲು ಹೇಲಾಚಾರ್ಯರು ಜ್ವಾಲಾಮಾಲಿನಿಯನ್ನು ಆರಾಧಿಸಿದ ಕಥೆ ಅದರ ಮೂಲದಲ್ಲಿದೆ. ಗ್ರಹ, ಯಂತ್ರ, ಯಕ್ಷಿಗಳ ಈ ಜಗತ್ತು ಜೈನರಿಗೆ ಹೊರಗಿನದಾಗಿರಲಿಲ್ಲ. ಬೊಮ್ಮಲಗುಟ್ಟದ ಬಂಡೆಯಲ್ಲಿ ಜಿನಬಿಂಬಗಳೊಡನೆ ಚಕ್ರೇಶ್ವರಿಯೂ ಇದ್ದಾಳೆ. ಅವಳು ಆದಿತೀರ್ಥಂಕರನ ಯಕ್ಷಿ. ಅಣ್ಣ ಆ ತೀರ್ಥಂಕರನ ಕಥೆಯನ್ನೇ ಕಾವ್ಯವಾಗಿಸಿದನು, ತಮ್ಮ ಅವಳನ್ನು ಕಲ್ಲಿನಲ್ಲಿ ನಿಲ್ಲಿಸಿದನು.

ಎರಡು ಪಾಠಗಳನ್ನು ಜೊತೆಗಿಟ್ಟು ಓದಿದಾಗ ಕಾಣುವ ವ್ಯತ್ಯಾಸ ಗಮನಾರ್ಹ. ಕಾವ್ಯ ಸೋಮಯಾಜಿಯನ್ನು ನೆನೆಯುತ್ತದೆ, ತಾಯಿಯನ್ನು ಹೆಸರಿಸುವುದಿಲ್ಲ. ಶಾಸನ ಅಭಿಮಾನಚಂದ್ರನಿಂದಲೇ ವಂಶವನ್ನು ಎತ್ತಿಕೊಂಡು, ಅಬ್ಬಣಬ್ಬೆಯನ್ನು ಅವಳ ಅಜ್ಜ ಮತ್ತು ಊರಿನ ಸಮೇತ ದಾಖಲಿಸುತ್ತದೆ. ಅಣ್ಣನಿಗೆ ಕಾಡಿದ್ದು ತಂದೆಯ ಕಡೆಯ ಋಣ. ತಾಯಿಯ ತವರನ್ನು ಉಳಿಸಿದವನು ತಮ್ಮ. ಆದರೂ ಜಿನವಲ್ಲಭನು ತ್ರಿಭುವನತಿಲಕವೆಂಬ ಬಸದಿಯನ್ನೂ ಮದನವಿಲಾಸವೆಂಬ ವನವನ್ನೂ ಮಾಡಿಸಿ, ತಾನು ಕಟ್ಟಿಸಿದ ಕೆರೆಗೆ ಇಟ್ಟದ್ದು ಅಣ್ಣನ ಬಿರುದನ್ನು: ಕವಿತಾಗುಣಾರ್ಣವ.