ವಿಶೇಷ ಸಂಖ್ಯೆಯ ನೋಟುಗಳ ಸಂಗ್ರಹ

ಕ್ರಮಸಂಖ್ಯೆಯ ಕಾರಣಕ್ಕಾಗಿಯೇ ಮುಖಬೆಲೆಗಿಂತ ಹೆಚ್ಚು ಬೆಲೆ ಪಡೆಯುವ ನೋಟುಗಳನ್ನು ಕೂಡಿಡುವ ಹವ್ಯಾಸ. ಭಾರತದ ನೋಟುಗಳಲ್ಲಿ ಅಂಕಿ-ಅಕ್ಷರಗಳ ಪೂರ್ವಭಾಗದ ಬಳಿಕ ಆರಂಕಿಯ ಸಂಖ್ಯೆ ಇರುತ್ತದೆ. 000001, 777777, 123456, ಹಿಂದುಮುಂದಾಗಿ ಓದಿದರೂ ಬದಲಾಗದ 278872ರಂಥವಕ್ಕೆ ಬೇಡಿಕೆ ಹೆಚ್ಚು. ಜನ್ಮದಿನಾಂಕ ಹೊಂದುವ ನೋಟು ಹುಡುಕುವವರೂ ಉಂಟು. ಬಿಸ್ಮಿಲ್ಲಾ ವಾಕ್ಯದ ಅಬ್ಜದ್ (ಅರಬ್ಬಿ ಅಕ್ಷರಗಳಿಗೆ ಸಂಖ್ಯಾಬೆಲೆ ಕೊಡುವ ಪದ್ಧತಿ) ಮೊತ್ತವೆಂದು ಎಣಿಸುವ 786ಕ್ಕೆ ಮುಸ್ಲಿಮರಲ್ಲಿ ಆದರ. ಅದೃಷ್ಟದ ಸಂಖ್ಯೆಯೆಂದು ಇತರರೂ ಜೋಪಾನ ಮಾಡುತ್ತಾರೆ. ದೋಷವಿದ್ದ ನೋಟಿಗೆ ಬದಲಾಗಿ 2006ರಿಂದ ಬಂದ ನಕ್ಷತ್ರ ಚಿಹ್ನೆಯ ನೋಟುಗಳೂ ಈ ಸಂಗ್ರಹದಲ್ಲಿ ಸೇರುತ್ತವೆ.

ಬೆಲೆಯನ್ನು ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ. ಮಡಿಕೆ, ಪಿನ್ನಿನ ತೂತು, ಶಾಯಿಯ ಗೀಟು ಬಿದ್ದರೆ ಬೆಲೆ ಇಳಿಯುತ್ತದೆ. ಬ್ರಿಟನ್‌ನಲ್ಲಿ 2024ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯ ಚಿತ್ರವಿರುವ ಮೊದಲ ನೋಟುಗಳನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ದತ್ತಿಗಾಗಿ ಹರಾಜಿಗಿಟ್ಟಾಗ, HB01 000002 ಸಂಖ್ಯೆಯ 10 ಪೌಂಡಿನ ನೋಟು 17,000 ಪೌಂಡಿಗೆ ಹೋಯಿತು. ಇಂಥ ದಾಖಲಿತ ಹರಾಜಿಗೂ, 786ರ ನೋಟಿಗೆ ಲಕ್ಷಗಟ್ಟಲೆ ಸಿಗುತ್ತದೆಂಬ ಜಾಲತಾಣದ ಜಾಹೀರಾತಿಗೂ ಸಂಬಂಧವಿಲ್ಲ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿತು.